ಕಡಲ ಕಡೆ ಇಟ್ಟ ತೀರ್ಥದ ಗಿಂಡಿ

"ಇಪ್ಪತ್ನಾಲ್ಕು ವರ್ಷ ಇದ್ರೇನು, ಇನ್ನೂರ ನಲವತ್ತು ವರ್ಷ ಇದ್ರೇನು ರೆಂತಿನಕ್ಕ? ಬಿಳಿ ಜನಕ್ಕೆ ಬೆಟ್ಟ ಯಾವ ಕಡೆ, ಕಡಲು ಯಾವ ಕಡೆ ಅನ್ನೋದು ತಲೆಗೆ ಹತ್ತಲ್ಲ. ಇಗೋ, ನೀವೇ ಕಣ್ಣಾರೆ ನೋಡಿ!"

ಕೇರಿಯ ಯಜಮಾನ ತಿರ್ತವಾನ್ ಹೀಗೆಂದು ಬೆರಳು ಚಾಚಿದ್ದು ನಮ್ಮೂರಲ್ಲಿ ನೆಲೆಸಿದ ಬಿಳಿ ಹೆಂಗಸು ನ್ಯೋನ್ಯಾ ಓದಿಲ್ ಅವರ ಮಲಗುವ ಕೋಣೆಯ ಉತ್ತರದ ಗೋಡೆಗೆ.

"ನೋಡ್ದೆ ಬಿಡಪ್ಪ. ಮೊದಲು ಬೆರಳು ಇಳಿಸು. ದೇವರ ಗಿಂಡಿಗೆ ಯಾರಾದ್ರೂ ಬೆರಳು ತೋರಿಸ್ತಾರಾ?" ಎಂದಳು ರೆಂತಿನಕ್ಕ.

ತಿರ್ತವಾನ್ ಬೆರಳು ಮಡಿಸಿ, ಮರ್ಯಾದೆಗೆ ಹೆಬ್ಬೆರಳು ಚಾಚಿದ. ಐವತ್ತು ದಾಟಿದ ಮನುಷ್ಯ, ಕೇರಿಗೆಲ್ಲ ಯಜಮಾನ. ಆದರೆ ಅವನ ಮದುವೆಯ ಅಂಗಿ ಹೊಲಿದವಳು ರೆಂತಿನಕ್ಕ. ಅಳತೆ ತೆಗೆದುಕೊಂಡವಳ ಮುಂದೆ ಯಾರ ಎದೆಯೂ ಅಷ್ಟು ಉಬ್ಬುವುದಿಲ್ಲ.

ಬಟ್ಟೆ ಬೀರುವಿನ ನೆತ್ತಿಯ ಮೇಲೆ ಬೆಳ್ಳಿಯ ತೀರ್ಥದ ಗಿಂಡಿ ಕೂತಿತ್ತು. ಅದರ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆ, ತಟ್ಟೆಯಲ್ಲಿ ಎರಡು ಹೂವು, ಒಂದು ಚಿಟಿಕೆ ಅಕ್ಕಿ. ನಮ್ಮ ತೆಗಲ್‌ಸಾರಿಯಲ್ಲಿ ಉತ್ತರಕ್ಕೆ ಕಡಲು, ದಕ್ಷಿಣಕ್ಕೆ ಬೆಟ್ಟ. ಬೆಟ್ಟ ದೇವರ ಕಡೆ. ಕಡಲ ಕಡೆ ನಾವು ಕಾಲು ಚಾಚುತ್ತೇವೆ, ಒಳಬಟ್ಟೆ ಒಣಹಾಕುತ್ತೇವೆ, ಹಂದಿ ಕಟ್ಟುತ್ತೇವೆ. ಕಡಲ ಗೋಡೆಗೆ ತೀರ್ಥ ಇಡುವುದೆಂದರೆ ತಲೆವಸ್ತ್ರ ಬಿಚ್ಚಿ ಕಾಲಿಗೆ ಸುತ್ತಿಕೊಂಡಂತೆ.

ಹಿಂದಿನದು ಮರೆತವರಿಗೆ ಒಂದೇ ಮಾತು: ಗುಡಿಯ ದೇವಿಯ ಹಳೇ ಜರಿವಸ್ತ್ರಕ್ಕೆ ನುಸಿ ಹಿಡಿದು, ಅದನ್ನು ಎಳೆ ಕೂಡಿಸಿ ಸರಿಮಾಡಲೆಂದು ಪೂಜಾರಿ ಅಜ್ಜ ನ್ಯೋನ್ಯಾ ಕೈಗೆ ಒಪ್ಪಿಸಿದ್ದ; ನಿನ್ನೆ ಬೆಳಿಗ್ಗೆ ಅವರು ದೋಣಿಗಳ ಹತ್ತಿರ ಮೀನು ತರಲು ಹೋಗಿ ಬರುವಷ್ಟರಲ್ಲಿ, ಮೇಲೆ ತೀರ್ಥದ ಗಿಂಡಿ ಇಟ್ಟಿದ್ದ ವಸ್ತ್ರದ ಪೆಟ್ಟಿಗೆ ಖಾಲಿಯಾಗಿತ್ತು.

"ಇದು ನೀವು ಅಂದುಕೊಂಡಷ್ಟು ಗೋಜಲಲ್ಲ ಅಕ್ಕ," ತಿರ್ತವಾನ್ ಶುರುಮಾಡಿದ. "ಕಡಲ ದಂಡೆ ಬಂಗಲೆಯಲ್ಲಿರೋ ಆ ಬ್ರೆಟ್ ಹಳೇ ಸಾಮಾನು ಕೊಂಡು ಊರೂರಿಗೆ ಮಾರೋನು. ಮೊನ್ನೆ ಮೊನ್ನೆ ಈ ವಸ್ತ್ರ ಕೇಳ್ಕೊಂಡು ನನ್ನ ಹತ್ರಾನೇ ಬಂದಿದ್ದ. ಅಂಗಿ ಹಾಕ್ಕೊಂಡು ಬಾ ಅಂತ ಓಡಿಸ್ದೆ. ನಿನ್ನೆಯಿಂದ ಅವನ ಜೀಪೂ ಇಲ್ಲ, ಅವನೂ ಇಲ್ಲ. ಇವರೇ ಪೆಟ್ಟಿಗೆ ತೆಗೆದು, ಮೇಲಿದ್ದ ಗಿಂಡೀನ ಕೈಗೆ ಸಿಕ್ಕ ಕಡೆ ಇಟ್ಟು, ವಸ್ತ್ರ ಅವನಿಗೆ ಕೊಟ್ಟು, ಕಳ್ಳ ಬಂದ ಅಂತ ಕೂಗಿದ್ದಾರೆ. ನಮ್ಮವರು ಯಾರಾದ್ರೂ ಆಗಿದ್ರೆ ಗಿಂಡಿ ಈ ಗೋಡೆಗೆ ಬರ್ತಿತ್ತಾ?"

"ಬರ್ತಿರ್ಲಿಲ್ಲ," ಎಂದು ಅಕ್ಕ ಒಪ್ಪಿಕೊಂಡಳು.

ನಾನು ಕಾಫಿ ಅಂಗಡಿಯ ಸುಲಾಸ್ತ್ರಿ. ಅಕ್ಕನ ಹೊಲಿಗೆ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಬಿದಿರು ತಟ್ಟಿ. ಅವಳು ಕಳ್ಳರನ್ನು ಹಿಡಿಯಲು ಹೊರಟಾಗಲೆಲ್ಲ ನಾನು ಒಲೆ ನಂದಿಸಿ ಹಿಂದೆ ಹೊರಡುತ್ತೇನೆ. ಅವಳಿಗೆ ಯೋಚಿಸಲು ಯಾರಾದರೂ ಪಕ್ಕದಲ್ಲಿ ವಟಗುಟ್ಟುತ್ತಿರಬೇಕಂತೆ.

"ಎರಡು ಗಂಟೆಗೆ ಕೇರಿ ಸೇರುತ್ತೆ," ತಿರ್ತವಾನ್ ಹೊಸ್ತಿಲು ದಾಟುತ್ತ ಹೇಳಿದ. "ಅಷ್ಟರಲ್ಲಿ ವಸ್ತ್ರ ಬರ್ಲಿಲ್ವೋ, ಈ ವರ್ಷ ನ್ಯೋನ್ಯಾ ಕಾಗದಕ್ಕೆ ನಾನು ಸಹಿ ಹಾಕಲ್ಲ. ನಾಡಿದ್ದು ದೇವಿಯ ಹಬ್ಬ. ದೇವಿಗೆ ಉಡಿಸೋಕೆ ಏನು ಕೊಡ್ಲಿ, ನನ್ನ ಪಂಚೆ ಕೊಡ್ಲಾ?"

ಆ ಕಾಗದವಿಲ್ಲದೆ ಪರದೇಶದವರಿಗೆ ದ್ವೀಪದಲ್ಲಿ ಇನ್ನೊಂದು ವರ್ಷ ಇರಲು ಅಪ್ಪಣೆ ಸಿಗುವುದಿಲ್ಲ. ಅರವತ್ತೊಂಬತ್ತು ವರ್ಷದ ಹೆಂಗಸು. ಸಹಿ ಬೀಳದಿದ್ದರೆ ತಿಂಗಳೊಳಗೆ ವಿಮಾನ ಹತ್ತಬೇಕು.

ಅಕ್ಕ ಕೊರಳಲ್ಲಿದ್ದ ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೋಣೆಯ ನಡುವೆ ನಿಂತಳು. ಜರಿಗೆ ಬಿಸಿಲು ತಾಗಬಾರದೆಂದು ಕಿಟಕಿಗಳಿಗೆ ದಪ್ಪ ಪರದೆ ಎಳೆದಿತ್ತು. ಒಳಗೆ ಹಗಲಲ್ಲೂ ಮಬ್ಬು.

"ಸುಲಾ, ಆ ತಟ್ಟೆ ನೋಡು. ಏನನ್ನಿಸುತ್ತೆ?"

"ನೈವೇದ್ಯದ ತಟ್ಟೆ. ಜಗಲಿ ಮೇಲೆ ನ್ಯೋನ್ಯಾ ಹೆಣೆದು ಪೇರಿಸಿದ್ದಾರಲ್ಲ, ಅದರದ್ದೇ ಒಂದು."

"ತಟ್ಟೆ ಬಿಡು. ಇಟ್ಟಿರೋ ಕ್ರಮ ನೋಡೇ."

ನೋಡಿದೆ. ಗಿಂಡಿ ಬೀರುವಿನ ನಟ್ಟನಡುವೆ. ಕೆಳಗೆ ಒಗೆದ ಬಿಳೀ ಬಟ್ಟೆಯ ಮಡಿಕೆ. ಹೂವಿನ ತೊಟ್ಟು ಕೆಳಕ್ಕೆ, ದಳ ಮೇಲಕ್ಕೆ. ಅಕ್ಕಿ ಚೆಲ್ಲಿಲ್ಲ.

"ಭಕ್ತಿಯಿಂದ ಇಟ್ಟಿದ್ದಾರೆ," ಎಂದೆ.

"ತಪ್ಪಾಯ್ತು ತಾಯಿ ಅಂತ ಕೈಮುಗಿದು ಇಟ್ಟಿದ್ದಾರೆ. ಬ್ರೆಟ್ ಆಗಿದ್ರೆ ಗಿಂಡೀಲಿ ಸಿಗರೇಟು ಬೂದಿ ಉದುರಿಸಿರೋನು. ಇದು ಅವನ ಕೈ ಅಲ್ಲ." ಅವಳು ಬಾಗಿಲಿನತ್ತ ತಿರುಗಿದಳು. "ಬಾ, ನ್ಯೋನ್ಯಾನ ಮಾತಾಡಿಸೋಣ."

ನ್ಯೋನ್ಯಾ ಓದಿಲ್ ಹಿತ್ತಲ ಜಗಲಿಯಲ್ಲಿ ಕೂತು ನಾಡಿದ್ದಿನ ಹಬ್ಬಕ್ಕೆ ತಟ್ಟೆ ಹೆಣೆಯುತ್ತಿದ್ದರು. ಊರು ತನ್ನನ್ನು ಕಳ್ಳಿ ಎನ್ನುತ್ತಿದೆ, ಎರಡು ಗಂಟೆಗೆ ತೀರ್ಮಾನ ಇದೆ. ಈಕೆ ಗರಿ ಸೀಳುತ್ತ ಕೂತಿದ್ದಾರೆ! ಇಸ್ತ್ರಿ ಮಾಡಿದ ಬಿಳೀ ಕೆಬಾಯ ರವಿಕೆ, ಕಂದು ಬಣ್ಣದ ಲುಂಗಿ, ಸೊಂಟಕ್ಕೆ ಬಿಗಿದ ಹಳದಿ ನಡುಪಟ್ಟಿ. ಬೆಳ್ಳಗಾದ ಕೂದಲನ್ನು ಒಂದೆಳೆಯೂ ಚೆದುರದಂತೆ ಗಂಟು ಹಾಕಿದ್ದರು.

ಇಷ್ಟು ವರ್ಷದಲ್ಲಿ ಆ ಕೂದಲು ಬಿಚ್ಚಿದ್ದನ್ನು ಬೀದಿ ಕಂಡಿಲ್ಲ. ಪರದೇಶದವರು ನಮ್ಮ ದಂಡೆಗೆ ಬರುತ್ತಾರೆ, ಒಣಮೀನಿನ ಹಾಗೆ ಬಿಸಿಲಿಗೆ ಮೈಚೆಲ್ಲುತ್ತಾರೆ, ಈಜುವ ಬಟ್ಟೆಯಲ್ಲೇ ಅಕ್ಕಿ ಅಂಗಡಿಗೆ ನುಗ್ಗುತ್ತಾರೆ. ಪಾಪ, ನಗುಮುಖದವರು, ಕೇಳದೆಯೇ ಕೈ ಕುಲುಕುತ್ತಾರೆ, ಮಕ್ಕಳಿಗೆ ಬಲೂನು ಊದಿ ಕೊಡುತ್ತಾರೆ. ನಾವು ಅವರನ್ನು ಬೈಯುವುದಿಲ್ಲ, ಮಳೆಗಾಲದ ಹಕ್ಕಿ ಅನ್ನುತ್ತೇವೆ. ನ್ಯೋನ್ಯಾ ಹಕ್ಕಿಯಲ್ಲ. ಯಾರ ಮನೆಯಲ್ಲಿ ಸಾವಾದರೂ ಸಕ್ಕರೆ, ಅಕ್ಕಿ ಹೊತ್ತು ಮೊದಲು ಬರುವವರು ಅವರು. ಹೆಂಗಸರ ಸಾಲಿನಲ್ಲಿ ಕೂತು ಗರಿ ಸೀಳಿ ಸೀಳಿ ಅವರ ಬೆರಳು ನಮ್ಮ ಬೆರಳಿಗಿಂತ ಒರಟು. ನನ್ನ ಗಂಡ ತೀರಿಹೋದ ವರ್ಷ ನನ್ನ ಲಕ್ಲಕ್ ಕಡುಬು ಹದತಪ್ಪಿ ಕಲ್ಲಾಗುತ್ತಿತ್ತು. ಆಗ ದಿನಾ ಬಂದು ಎರಡು ತಟ್ಟೆ ತಿಂದು, "ಬೆಲ್ಲ ಚೆನ್ನಾಗಿದೆ ಸುಲಾ," ಎಂದು ಎದ್ದುಹೋಗುತ್ತಿದ್ದರು. ಕಡುಬಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

"ಬಿಸಿಲಲ್ಲಿ ಬಂದಿದ್ದೀರಿ. ಕೂತ್ಕೊಳ್ಳಿ. ಕಾಫಿ ಇಡ್ಲಾ?" ನ್ಯೋನ್ಯಾ ಕೇಳಿದರು.

"ಬೇಡ. ಸ್ವಲ್ಪ ಬೆಟ್ಟದ ಕಡೆ ಸರೀರಿ, ಸುಲಾನೂ ಕೂರ್ಲಿ," ಎಂದಳು ಅಕ್ಕ.

ನ್ಯೋನ್ಯಾ ಗರಿಯಿಂದ ಕಣ್ಣೆತ್ತಲೂ ಇಲ್ಲ. ಕೈ ಹೆಣೆಯುತ್ತಲೇ ಇತ್ತು, ಮೈ ತಾನಾಗಿ ದಕ್ಷಿಣಕ್ಕೆ ಸರಿಯಿತು.

ಅಕ್ಕ ನನ್ನ ಮುಖ ನೋಡಿದಳು. ನನಗೆ ತಿಳಿಯಿತು. ನೋಡಿ ತಿಳಿದುಕೊಂಡವರು ಕಣ್ಣೆತ್ತುತ್ತಾರೆ. ದಿಕ್ಕು ಮೈಯಲ್ಲೇ ಇಳಿದವರಿಗೆ ಅದು ಬೇಕಾಗುವುದಿಲ್ಲ.

"ಗಿಂಡಿ ಕಡಲ ಗೋಡೆಗೆ ಬಂದದ್ದು ಹೇಗೆ ನ್ಯೋನ್ಯಾ?"

"ಗೊತ್ತಿಲ್ಲ. ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಎತ್ತಿ ಈ ಕಡೆ ಇಡೋಣ ಅಂತ ಹೋದ್ರೆ ಯಜಮಾನ್ರು ಏನೂ ಮುಟ್ಟಬೇಡಿ ಅಂದ್ರು. ರಾತ್ರಿ ಅದೇ ಕೋಣೇಲಿ ಮಲಗೋಕೆ ಆಗ್ಲಿಲ್ಲ, ಇಲ್ಲೇ ಜಗಲೀಲಿ ಬಿದ್ದುಕೊಂಡೆ."

"ಈಚೆಗೆ ಮನೆಗೆ ಯಾರಾದ್ರೂ ನೆಂಟರು ಬಂದಿದ್ರಾ?"

ಗರಿ ಸೀಳುತ್ತಿದ್ದ ಚಾಕು ಒಂದಿಷ್ಟು ಓರೆಯಾಗಿ ಹರಿಯಿತು. ನ್ಯೋನ್ಯಾ ಆ ಗರಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡರು.

"ನನಗೆಲ್ಲಿ ನೆಂಟರು ರೆಂತಿನಿ? ನೀವೇ ನೆಂಟರು."

"ಸಹಿ ಹಾಕಲ್ಲ ಅಂತಿದ್ದಾನೆ ತಿರ್ತವಾನ್."

"ಹಾಕದಿದ್ರೆ ಹೋಗ್ಬೇಕಷ್ಟೆ." ಅವರು ನಕ್ಕರು, ಆ ನಗು ಕಣ್ಣಿನವರೆಗೆ ಏರಲಿಲ್ಲ. "ಎಲ್ಲಿಗೆ ಅಂತ ಮಾತ್ರ ಗೊತ್ತಾಗ್ತಿಲ್ಲ. ಆ ಊರಲ್ಲಿ ನನ್ನ ರವಿಕೆ ಅಳತೆ ಬಲ್ಲೋರು ಒಬ್ಬರೂ ಉಳಿದಿಲ್ಲ."

ಅಕ್ಕ ಎದ್ದಳು. ಬೀದಿಗೆ ಬರುವಷ್ಟರಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಅಳ್ತಿದ್ದೀಯಾ ಅಕ್ಕ?"

"ಧೂಳು ಕಣೇ. ನಡಿ ಬೇಗ."

"ಎಲ್ಲಿಗೆ?"

"ನೀನು ವಟಗುಟ್ಟು, ಹೇಳ್ತೀನಿ."

ಹೇಳಿದ ಮೇಲೆ ಬಿಡುತ್ತೇನೆಯೇ? "ಗಿಂಡಿ ಇಟ್ಟಿದ್ದು ನ್ಯೋನ್ಯಾ ಅಲ್ಲ, ಅವರ ಮೈಗೇ ಬೆಟ್ಟ ಗೊತ್ತು. ಬ್ರೆಟ್ ಅಲ್ಲ, ಅವನಿಗೆ ಭಕ್ತಿ ಇಲ್ಲ. ನಮ್ಮೂರೋರೂ ಅಲ್ಲ, ನಮ್ಮ ಮೂರು ವರ್ಷದ ಮಗೂನೂ ಕಣ್ಣು ಕಟ್ಟಿ ಬಿಟ್ರೆ ಬೆಟ್ಟ ತೋರಿಸುತ್ತೆ. ಇನ್ಯಾರು ಉಳಿದ್ರು ಅಕ್ಕ, ದೆವ್ವವಾ?"

"ದೆವ್ವ ಅಕ್ಕಿ ಚಿಟಿಕೆ ಇಡುತ್ತಾ? ಯೋಚನೆ ಮಾಡು. ಇಟ್ಟವರಿಗೆ ದಿಕ್ಕಿನ ಭಯ ಇದೆ. ಎತ್ತರದ ಜಾಗ ಹುಡುಕಿದ್ದಾರೆ, ಮಡಿಬಟ್ಟೆ ಹಾಸಿದ್ದಾರೆ. ಬೆಟ್ಟದ ಕಡೇನೇ ಇಡ್ತಿದ್ದೀನಿ ಅನ್ನೋ ನಂಬಿಕೆಯಿಂದ ಇಟ್ಟಿದ್ದಾರೆ. ಮಬ್ಬು ಕೋಣೆ, ಪರದೆ ಎಳೆದಿದೆ, ಎದೆ ಹೊಡ್ಕೋತಿದೆ. ಅಂಥ ಹೊತ್ತಲ್ಲಿ ತಲೆ ಕೆಲಸ ಮಾಡಲ್ಲ ಸುಲಾ, ಹುಟ್ಟೂರು ಕೆಲಸ ಮಾಡುತ್ತೆ."

ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ.

ಬೆಟ್ಟ ದ್ವೀಪದ ನಡುವೆ ಇದೆ. ನಮಗೆ ಅದು ದಕ್ಷಿಣಕ್ಕೆ. ಬೆಟ್ಟದ ಆಚೆ ಮಗ್ಗುಲಲ್ಲಿ ಹುಟ್ಟಿದವರಿಗೆ ಅದೇ ಬೆಟ್ಟ ಉತ್ತರಕ್ಕೆ! ಅವರು ಉತ್ತರಕ್ಕೆ ಕೈಮುಗಿದು ಬೆಳೆದವರು. ನಮ್ಮೂರಲ್ಲಿ ಉತ್ತರಕ್ಕೆ ಕೈಮುಗಿದರೆ ಎದುರಿಗೆ ಸಿಗುವುದು ಮೀನು.

"ಆಚೆ ಮಗ್ಗುಲೋರು ಅಂದ್ರೆ... ನಮ್ಮೂರಲ್ಲಿ ಇರೋದು ಒಬ್ರೇ."

"ಒಬ್ರೇ."

ಎಂಟು ತಿಂಗಳ ಹಿಂದೆ ಬೆಟ್ಟದಾಚೆಯ ತಬನಾನ್‌ನಿಂದ ವರ್ಗವಾಗಿ ಬಂದ ಶಾಲೆಯ ಮೇಷ್ಟ್ರು, ಪಾಕ್ ಮುದಿಯಾನ. ಬಂದ ಮೊದಲ ದಿನವೇ ಬಾಡಿಗೆ ಕೋಣೆಯಲ್ಲಿ ಮಂಚ ತಿರುಗಿಸಿ ಕಡಲಿಗೆ ತಲೆ ಹಾಕಿ ಮಲಗಿದ್ದರು. ಬೆಳಿಗ್ಗೆ ಕಸ ಗುಡಿಸಲು ಹೋದ ಮನೆಯೊಡತಿ, ಮೇಷ್ಟ್ರ ಹೆಣ ಮಲಗಿಸಿದ್ದಾರೆಂದು ಕಿರುಚಿ ಬೀದಿಯನ್ನೆಲ್ಲ ಎಬ್ಬಿಸಿದ್ದಳು. ಎರಡು ವಾರ ನನ್ನ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಅಯ್ಯೋ, ಅಷ್ಟು ಒಳ್ಳೇ ಮನುಷ್ಯ ಅಕ್ಕ! ದಿನಾ ಬೆಳಿಗ್ಗೆ ನ್ಯೋನ್ಯಾ ಹತ್ರ ಇಂಗ್ಲಿಷ್ ಪಾಠಕ್ಕೆ ಹೋಗೋರು. ನ್ಯೋನ್ಯಾ ಮಾತೆತ್ತಿದ್ರೆ ಮೇಷ್ಟ್ರ ಮುಖ ಅರಳುತ್ತೆ."

"ನಿನ್ನೆ ಊರೆಲ್ಲ ಕೂಗಾಡೋವಾಗ ಒಂದು ಮಾತೂ ಆಡದೆ ನಿಂತಿದ್ದೋರು ಯಾರು ಹೇಳು?"

ನನ್ನ ಕಾಲು ಆಗಲೇ ಶಾಲೆಯ ಕಡೆ ತಿರುಗಿತ್ತು.

ಶಾಲೆ ಬಿಟ್ಟಿತ್ತು. ಮುದಿಯಾನ ಕಡೆಯ ಕೋಣೆಯಲ್ಲಿ ಒಬ್ಬರೇ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಮೂವತ್ತರ ಹರೆಯ, ತೆಳ್ಳಗಿನ ಮೈ, ಎಣ್ಣೆ ಹಚ್ಚಿ ಬಾಚಿದ ಕೂದಲು. ನಮ್ಮನ್ನು ನೋಡಿ ಎದ್ದು ನಿಂತರು.

"ಬನ್ನಿ ಇಬು, ಬನ್ನಿ ತಾಯಿ. ಅಂಗಿ ಆಯ್ತಾ?"

"ಅಂಗಿ ಆಗಿದೆ ಪಾಕ್ ಗುರು, ತೋಳು ಒಂದು ಬಾಕಿ. ಉದ್ದ ಸರಿಯಾಗಿ ಬರೆದುಕೊಂಡಿಲ್ಲ ನೋಡಿ." ಅಕ್ಕ ಕೊರಳಿಂದ ಪಟ್ಟಿ ತೆಗೆದಳು. "ಕೈ ಚಾಚಿ. ಹಾಂ. ನಿನ್ನೆ ಬೆಳಿಗ್ಗೆ ಪಾಠ ಆಯ್ತಾ?"

"ಇಲ್ಲ... ನಿನ್ನೆ ಹೋಗ್ಲಿಲ್ಲ."

"ಹೌದಾ? ಎಂಟು ತಿಂಗಳಲ್ಲಿ ಒಂದು ದಿನ ತಪ್ಪಿಸ್ಲಿಲ್ಲವಂತೆ. ನಿನ್ನೆ ಮಾತ್ರ ತಪ್ತಾ?"

"ತಲೆನೋವಿತ್ತು."

"ಅಯ್ಯೋ ಪಾಪ." ಅವಳ ಪಟ್ಟಿ ಅವರ ಭುಜದಿಂದ ಮಣಿಕಟ್ಟಿಗೆ ಇಳಿಯಿತು. "ನಾಡಿ ಯಾಕೆ ಹೀಗೆ ಓಡ್ತಿದೆ? ಬೆವರ್ತಾನೂ ಇದ್ದೀರಿ. ಒಳಗೆ ಬೆಳಕು ಸಾಲ್ದು ಪಾಕ್ ಗುರು, ಅಂಕಿ ಕಾಣಿಸ್ತಿಲ್ಲ. ಸ್ವಲ್ಪ ಬೆಟ್ಟದ ಕಡೆ ಸರೀರಿ."

ಮುದಿಯಾನ ಥಟ್ಟನೆ ಎರಡು ಹೆಜ್ಜೆ ಸರಿದರು.

ಕಡಲ ಕಡೆಗೆ.

ಹೊರಗೆ ಧ್ವಜದ ಕಂಬಕ್ಕೆ ಹಗ್ಗ ಟಪ್ ಟಪ್ಪೆಂದು ಬಡಿಯುತ್ತಿತ್ತು. ಅವರು ಕಿಟಕಿಯಾಚೆಗೆ ನೋಡಿದರು. ನೀಲಿ ಕಡಲು ಕಂಡಿತು.

"ಭಯ ಆದಾಗ ಹಾಗೇ ಆಗುತ್ತೆ," ಅಕ್ಕ ಪಟ್ಟಿ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು. "ನಿನ್ನೆ ನ್ಯೋನ್ಯಾ ಕೋಣೇಲೂ ಹಾಗೇ ಆಯ್ತು. ಗಿಂಡಿ ಇಟ್ಟಿದ್ದು ನೀವು."

"ಕದ್ದಿಲ್ಲ ಇಬು!" ಅವರು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು. ಮೊಣಕಾಲು ಗಲ್ಲಕ್ಕೆ ಬಂತು. "ಗುಡಿ ಮುಂದೆ ನಿಂತು ಹೇಳ್ತೀನಿ. ನಾನು ಆ ವಸ್ತ್ರ ಮುಟ್ಟಿಲ್ಲ."

"ಕದ್ದಿರಿ ಅಂತ ನಾನೆಲ್ಲಿ ಅಂದೆ? ಕಳ್ಳ ಹೂವಿನ ತೊಟ್ಟು ಸರಿಮಾಡ್ತಾ ಕೂರಲ್ಲ. ಏನಾಯ್ತು, ಒಂದೊಂದಾಗಿ ಹೇಳಿ."

"ಆರೂವರೆಗೆ ಹೋದೆ. ಬಾಗಿಲು ತೆಗೆದಿತ್ತು. ಕರೆದೆ, ಯಾರೂ ಓಗೊಡ್ಲಿಲ್ಲ. ಒಳಗೆ ಪೆಟ್ಟಿಗೆ ಬಾಯಿ ತೆಗೆದು ಮಂಚದ ಮೇಲಿತ್ತು. ಗಿಂಡಿ..." ಅವರು ತುಟಿ ಕಚ್ಚಿದರು. "ಗಿಂಡಿ ನೆಲದ ಮೇಲಿತ್ತು ಇಬು. ಬಾಗಿಲ ಹತ್ರ, ಕಾಲು ಒರೆಸೋ ಚಾಪೆ ಪಕ್ಕದಲ್ಲಿ. ಅರ್ಧ ತೀರ್ಥ ಚೆಲ್ಲಿಹೋಗಿತ್ತು. ಹಾಗೇ ಬಿಟ್ಟು ಬರೋಕಾಗುತ್ತಾ? ಎತ್ತಿ, ಮಡಿಬಟ್ಟೆ ಹಾಸಿ, ಹೂವಿಟ್ಟು, ತಪ್ಪಾಯ್ತಮ್ಮಾ ಅಂದೆ. ದಿಕ್ಕು ತಪ್ಪಿದ್ದು ಈಗ ನೀವು ಹೇಳಿದ ಮೇಲೇ ಗೊತ್ತಾಗಿದ್ದು."

"ಇದನ್ನ ನಿನ್ನೇನೇ ಹೇಳೋಕೆ ಏನಾಗಿತ್ತು? ಆ ಹೆಂಗಸಿನ ತಲೆ ಮೇಲೆ ಅಪವಾದ ಬಿದ್ದಿದೆ!" ನಾನು ಸಿಡಿದೆ. ಅಂಗಡಿಯಲ್ಲಿ ಅವರಿಗೆ ಪಾಕ್ ಗುರು ಎಂದು ಎರಡು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದವಳು ನಾನೇ.

"ಹೇಳಿದ್ರೆ ಉಳಿದಿದ್ದನ್ನೂ ಹೇಳ್ಬೇಕಾಗ್ತಿತ್ತು ಮ್ಬೊಕ್ ಸುಲಾ." ಮ್ಬೊಕ್ ಎಂದರೆ ಅಕ್ಕ, ಮೇಷ್ಟ್ರು ನನ್ನನ್ನು ಹಾಗೇ ಕರೆಯುತ್ತಿದ್ದರು. "ಹೇಳಿದ್ರೆ ಅವರಿಗೆ ಊರು ಹೋಗುತ್ತೆ. ಹೇಳದಿದ್ರೆ ನನಗೆ ನಿದ್ದೆ ಹೋಗುತ್ತೆ. ನಿದ್ದೆ ಹೋಗ್ಲಿ ಅಂದ್ಕೊಂಡೆ."

ಅಕ್ಕ ಎದುರಿನ ಬೆಂಚಿನ ಮೇಲೆ ಕೂತಳು. "ಯಾರನ್ನ ನೋಡಿದ್ರಿ?"

ಅವರು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದರು.

"ನ್ಯೋನ್ಯಾನೇ ನೋಡಿದೆ. ಕರೆದೆನಲ್ಲ, ಆಗ ಹಿತ್ತಲ ದಾರೀಲಿ ಹೋಗ್ತಿದ್ರು. ಬಗಲಲ್ಲಿ ಬಟ್ಟೆ ಗಂಟು. ತೋಟದ ಆಚೆ ಬ್ರೆಟ್ ಜೀಪು ನಿಂತಿತ್ತು. ಹತ್ತಿಕೊಂಡು ಹೋದ್ರು."

ಯಾರನ್ನು ಉಳಿಸಲೆಂದು ಇಷ್ಟು ದೂರ ನಡೆದು ಬಂದೆವೋ, ಅವರ ಕೊರಳಿಗೇ ಕುಣಿಕೆ ಒಯ್ದು ಕೊಟ್ಟಂತಾಯಿತು. ಅಕ್ಕನ ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗಿನಂತೆ ಕಿರಿದಾಗಿತ್ತು.

"ಮುಖ ನೋಡಿದ್ರಾ?"

"ಬೆನ್ನು."

"ಬೆನ್ನು ನೋಡಿ ನ್ಯೋನ್ಯಾ ಅಂದ್ರಾ?"

"ಗೊತ್ತಾಗಲ್ವಾ ಇಬು? ಆ ಎತ್ತರ, ಆ ಬಿಳೀ ಕತ್ತು. ನೀವೇ ಹೊಲಿದ ಹಸಿರು ಕೆಬಾಯ, ಬೆನ್ನಿಗೆ ಬಳ್ಳಿ ಕಸೂತಿ ಇರೋದು. ಕೂದಲ ಗಂಟು. ಈ ಊರಲ್ಲಿ ಹಾಗೆ ಉಟ್ಟು ಓಡಾಡೋ ಬಿಳಿ ಹೆಂಗಸು ಇನ್ಯಾರಿದ್ದಾರೆ?"

"ಕೂದಲು ಬೆಳ್ಳಗಿತ್ತೋ, ಒಣಹುಲ್ಲಿನ ಬಣ್ಣ ಇತ್ತೋ?"

"ಎಳೆಬಿಸಿಲು ಬಿದ್ದಿತ್ತು. ಹೊಳೀತಿತ್ತು. ಬಣ್ಣ... ನಾನು..."

"ಹೋಗ್ಲಿ. ನಡಿಗೆ?"

"ಬೇಗ ಬೇಗ. ಗಿಡದ ಬೇಲಿ ದಾಟಿ—"

"ದಾಟಿ? ಕಾಲೆತ್ತಿ ದಾಟಿದ್ರಾ?"

"ಹೂಂ. ಒಂದೇ ನೆಗೆತ."

ಅಕ್ಕ ತೊಡೆಗೆ ಕೈ ಬಡಿದು ಎದ್ದುನಿಂತಳು. "ಕೇಳ್ದೇನೇ ಸುಲಾ? ಒಂದೇ ನೆಗೆತವಂತೆ! ಮೂರು ವರ್ಷದಿಂದ ನ್ಯೋನ್ಯಾ ಎಡ ಮಂಡಿ ಮಡಚಲ್ಲ. ನನ್ನ ಅಂಗಡಿ ಒಂದು ಮೆಟ್ಟಿಲು ಹತ್ತೋಕೆ ಬಾಗಿಲು ಹಿಡ್ಕೋತಾರೆ. ಲುಂಗಿ ಅಂಚು ಎಡಕ್ಕೆ ಎರಡು ಬೆರಳು ಮೇಲೆ ಹೊಲೀತೀನಿ ನಾನು, ಎಡವಬಾರದು ಅಂತ. ಅವರು ಬೇಲಿ ಹಾರ್ತಾರಾ?"

"ಮತ್ತೆ ಆ ಬಟ್ಟೆ?" ಮೇಷ್ಟ್ರು ತೊದಲಿದರು.

"ಬಟ್ಟೆ ಅವರದ್ದು. ಒಳಗಿದ್ದ ಮೈ ಬೇರೆಯವರದ್ದು. ತೀರ್ಥದ ಗಿಂಡೀನ ಕಾಲು ಒರೆಸೋ ಚಾಪೆ ಪಕ್ಕ ಬಿಸಾಡಿ ಹೋಗೋ ಮೈ ಅದು. ಅಂದ್ರೆ ಈ ಊರಲ್ಲಿ ಇನ್ನೊಬ್ಬಳು ಬಿಳಿ ಹೆಂಗಸು ಇದ್ದಳು. ಅದೇ ಎತ್ತರದವಳು, ವಯಸ್ಸಲ್ಲಿ ಚಿಕ್ಕವಳು." ಅವಳು ನಿಟ್ಟುಸಿರಿಟ್ಟಳು. "ನಾವೂ ಸರಿಯಾಗೇ ಇದ್ದೀವಿ ಪಾಕ್ ಗುರು. ಬಿಳಿಯರಿಗೆ ಬೆಟ್ಟ ಕಡಲು ಗೊತ್ತಾಗಲ್ಲ ಅಂತಾನೆ ತಿರ್ತವಾನ್. ನಮಗೆ ಬಿಳಿಯರೆಲ್ಲ ಒಂದೇ ಅಳತೆ. ಕೆಬಾಯ ಉಟ್ಟ ಬೆನ್ನು ಕಂಡ್ರೆ ನ್ಯೋನ್ಯಾ, ಮುಗೀತು."

"ಅಯ್ಯೋ ದೇವರೇ," ಎಂದು ಅವರು ತಲೆ ಹಿಡಿದುಕೊಂಡರು. "ಆಕೆ ಹಾಗೆ ಮಾಡಲಾರರು ಅಂತ ನಿನ್ನೆಯಿಂದ ಮನಸ್ಸು ಹೇಳ್ತಿತ್ತು ಇಬು. ಕಣ್ಣು ಬಿಡ್ಲಿಲ್ಲ."

"ಈಗ ಎದ್ದೇಳಿ. ಇದೆಲ್ಲ ಕೇರಿ ಮುಂದೆ ಹೇಳಿ. ಬೆನ್ನು ಅಂತ ಹೇಳಿ, ಬೇಲಿ ಅಂತ ಹೇಳಿ, ನೆಲದ ಮೇಲಿನ ಗಿಂಡಿ ಅಂತ ಹೇಳಿ. ಮಿಕ್ಕಿದ್ದು ನಾನು ಹೊಲ್ಕೋತೀನಿ."

ಅಷ್ಟರಲ್ಲಿ ಕೇರಿಯನ್ನು ಸೇರಿಸುವ ಮರದ ಡೋಲು ಕುಲ್‌ಕುಲ್ ಬಡಿಯತೊಡಗಿತು. ಟೊಕ್, ಟೊಕ್, ಟೊಕ್. ಎರಡು ಗಂಟೆ.

ನಾವು ಓಡಿದೆವು. ಅಂದರೆ ಅಕ್ಕ, ಮೇಷ್ಟ್ರು ಓಡಿದರು; ನಾನು ಹಿಂದಿನಿಂದ ಉರುಳಿದೆ.

ಮಂಟಪದ ತುಂಬ ಜನ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ತಿರ್ತವಾನ್. ಪೂಜಾರಿ ಅಜ್ಜ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ. ನ್ಯೋನ್ಯಾ ಆಗಲೇ ಬಂದು ಹೆಂಗಸರ ಸಾಲಿನ ಮುಂದೆ ನಿಂತಿದ್ದರು. ಅವರನ್ನು ನೋಡಿ ಎಷ್ಟೋ ಹೆಂಗಸರು ನಡುಪಟ್ಟಿಯ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ತಡಿ ತಿರ್ತವಾನ್!" ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲ ಬಳಿಯಿಂದಲೇ ಕೂಗಿದಳು. "ಪಾಕ್ ಗುರುಗಳು ಮಾತಾಡ್ಬೇಕಂತೆ. ನಿನ್ನೆ ಬೆಳಿಗ್ಗೆ ಹಿತ್ತಲ ದಾರೀಲಿ ಅವರು ಯಾರನ್ನೋ ನೋಡಿದ್ದಾರೆ."

ನ್ಯೋನ್ಯಾ ತಿರುಗಿ ನೋಡಿದರು. ಮೊದಲು ಅಕ್ಕನನ್ನು, ಆಮೇಲೆ ಮೇಷ್ಟ್ರನ್ನು. ಆ ಮುಖದಲ್ಲಿ ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ. ಸಹಿ ಹಾಕಲ್ಲ ಎಂದಾಗಲೂ ಅದು ಇರಲಿಲ್ಲ.

"ಗುರುಗಳು ನೋಡಿದ್ದು ನನ್ನನ್ನೇ," ಎಂದರು ನ್ಯೋನ್ಯಾ. ಒಂದಕ್ಷರವೂ ತಡವರಿಸದ ನಮ್ಮ ಕೇರಿಯ ಮಾತು. "ಅವರನ್ನ ಯಾಕೆ ಕಷ್ಟಕ್ಕೆ ಸಿಕ್ಕಿಸ್ತೀರಿ? ವಸ್ತ್ರ ತಗೊಂಡವಳು ನಾನು."

ಮಂಟಪದಲ್ಲಿ ಗುಲ್ಲೆದ್ದಿತು. ಪೂಜಾರಿ ಅಜ್ಜ ಕಣ್ಣು ಬಿಟ್ಟ.

"ಸುಳ್ಳು!" ಅಕ್ಕ ಚೀರಿದಳು. "ನ್ಯೋನ್ಯಾ, ಯಾರಿಗೋಸ್ಕರ ಇದು? ಆ ಬೇಲಿ ಹಾರಿದ್ದು ಯಾರು?"

"ಸುಮ್ನಿರು ರೆಂತಿನಿ. ನಿನ್ನ ಕಾಲಿಗೆ ಬೀಳ್ತೀನಿ, ಹುಡುಕಬೇಡ." ನೆಂಟರ ಮಾತೆತ್ತಿದಾಗ ಓರೆಯಾಗಿ ಹರಿದ ಚಾಕು ನನಗೆ ಆಗ ನೆನಪಾಯಿತು.

"ವಸ್ತ್ರ ಎಲ್ಲಿದೆ ಈಗ?" ಎಂದು ಕೇಳಿದ ತಿರ್ತವಾನ್. ಗೆದ್ದವನ ದನಿಯಾಗಿರಲಿಲ್ಲ ಅದು.

"ಅದನ್ನ ಕೇಳ್ಬೇಡಿ ಯಜಮಾನ್ರೇ. ಸಹಿ ಹಾಕ್ಬೇಡಿ, ಅಷ್ಟು ಸಾಕು."

ನ್ಯೋನ್ಯಾ ಹೆಂಗಸರ ಸಾಲನ್ನು ಬಿಟ್ಟು ಮಂಟಪದ ಅಂಚಿಗೆ ನಡೆದು ಬಂದರು. ಕಂಬ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕೆಳಗೆ ನಿಂತು ಸೊಂಟದ ಹಳದಿ ನಡುಪಟ್ಟಿಯ ಗಂಟು ಬಿಚ್ಚಿದರು. ಅದನ್ನು ಕಟ್ಟಿದವರಿಗೇ ನಮ್ಮ ಗುಡಿಯೊಳಕ್ಕೆ ಕಾಲಿಡುವ ಹಕ್ಕು. ನಾಲ್ಕು ಮಡಿಕೆ ಮಾಡಿ, ಸುಕ್ಕು ತೀಡಿ, ಮೇಲಿನ ಮೆಟ್ಟಿಲ ಮೇಲಿಟ್ಟು, ಪ್ರವಾಸಿಗಳು ನಿಂತು ಫೋಟೋ ತೆಗೆಯುವ ಬೇಲಿಯಾಚೆಗೆ ಹೋಗಿ ಒಬ್ಬರೇ ನಿಂತುಕೊಂಡರು.